ವಾರಗಿತ್ತಿ ಮೀನುಗಳು

ಫಲಿತಾಂಶವನ್ನು ಸಂಶೋಧಕಿ ಎರಡೆರಡು ಸಲ ಓದಿದಳು. ಟ್ಯೂಬುಗಳು ಎರಡು, ಒಳಗಿದ್ದದ್ದು ಎರಡು ಮೀನುಗಳ ಬಾಲದ ಚೂರು. ಆದರೆ ಪರದೆಯ ಮೇಲಿನ ಡಿಎನ್‌ಎ ಅಕ್ಷರಸಾಲುಗಳು ಪಡಿಯಚ್ಚು! ಇನ್ನು ಸ್ವಲ್ಪ ಹೊತ್ತಿಗೆಲ್ಲ ಆಕೆ ತನ್ನ ಥೀಸಿಸ್ ಮಂಡಿಸಲು ಸಭೆಯ ಮುಂದೆ ನಿಲ್ಲಬೇಕಿತ್ತು.

ಹವಳದ ದಿಬ್ಬಗಳಲ್ಲಿ ಬಾಳುವ ಆ ಎರಡು ಜಾತಿಗಳನ್ನು, ಹಸಿರು ಕೆನ್ನೆಯದನ್ನೂ ಕಂದು ಕೆನ್ನೆಯದನ್ನೂ, ಅಕ್ಕತಂಗಿಯರೆಂದು ಸಾರಿ ಹೆಸರು ಮಾಡಿದವರು ಆಕೆಯ ಗುರುಗಳು. ಎರಡಕ್ಕೂ ಗಿಣಿಯ ಕೊಕ್ಕಿನಂತಹ ಬಾಯಿ. ಅವರಿಗೆ ಅದೇ ಸಾಕ್ಷಿ. ಆಕೆಯಾದರೋ ನೂರಾರು ಜೀನ್‌ಗಳನ್ನು ಓದಿ ವಂಶವೃಕ್ಷ ಬರೆದಿದ್ದಳು. ಅದರಲ್ಲಿ ಇವೆರಡೂ ದೂರದೂರದ ಕೊಂಬೆಗಳಿಗೆ ಹೋಗಿ ಕುಳಿತಿದ್ದವು.

"ಇವು ಅಕ್ಕತಂಗಿ ಅಲ್ಲ ಸಾರ್, ವಾರಗಿತ್ತಿಯರು," ಎಂದಿದ್ದಳು. "ಒಂದೇ ಹವಳ ಕೆರೆದು ತಿಂದು ಬಾಯಿ ಒಂದೇ ಥರ ಆಗಿದೆ, ಅಷ್ಟೆ. ನಾನೂ ನನ್ನ ವಾರಗಿತ್ತೀನೂ ಜೊತೇಲಿ ಹೊರಟರೆ ಜನ ಅಕ್ಕತಂಗೀನಾ ಅಂತ ಕೇಳ್ತಾರೆ. ಅವಳಪ್ಪ ಯಾರೋ, ನಮ್ಮಪ್ಪ ಯಾರೋ!"

"ನಿನ್ನ ಸಂಸಾರಾನ ನನ್ನ ಮೀನಿಗೆ ಗಂಟು ಹಾಕಬೇಡಮ್ಮ," ಗುರುಗಳು ಸಿಡುಕಿದ್ದರು. "ಎಲ್ಲೋ ಟ್ಯೂಬ್ ಅದಲುಬದಲಾಗಿದೆ. ನಮ್ಮ ತೊಟ್ಟಿಯ ಮೀನುಗಳಿಂದ ನಾನೇ ಚೂರು ಕತ್ತರಿಸಿ ಕೊಡ್ತೀನಿ. ದೂರದವು ಅಂತ ಬಂದರೆ ನಿನ್ನ ಥೀಸಿಸ್‌ಗೆ ಸಹಿ. ಬರದಿದ್ದರೆ ಆ ಅಧ್ಯಾಯ ಕಸದಬುಟ್ಟಿಗೆ."

ಆಕೆ ಒಪ್ಪಿದ್ದಳು. ವರ್ಷಗಟ್ಟಲೆಯ ದುಡಿಮೆ ಆ ಎರಡು ಟ್ಯೂಬುಗಳಲ್ಲಿ ನೇತಾಡುತ್ತಿತ್ತು.

ಬೆನ್ನ ಹಿಂದೆ ಗುರುಗಳ ನಗು ಕೇಳಿಸಿತು. "ಅಕ್ಕತಂಗಿ ಅಂದಿದ್ದೆ ನಾನು. ನಿನ್ನ ಯಂತ್ರ ನೋಡು, ಅವಳಿಜವಳಿ ಅಂತಿದೆ!"

ಆ ಮಾತು ಆಕೆಯ ಕಿವಿಯಲ್ಲೇ ನಿಂತಿತು. ಒಂದೇ ತಂದೆತಾಯಿಯ ಮರಿಗಳಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆಯಾಗಿರುತ್ತದೆ. ಇಲ್ಲಿ ಒಂದೂ ಆಚೀಚೆಯಾಗಿರಲಿಲ್ಲ.

"ಸಾರ್, ಇದು ಎರಡು ಮೀನಲ್ಲ," ಆಕೆ ಎದ್ದು ನಿಂತಳು. "ಒಂದೇ ಮೀನನ್ನ ಎರಡು ಸಲ ಕತ್ತರಿಸಿದ್ದೀರಿ."

"ಏನು, ನನಗೆ ಕಣ್ಣಿಲ್ವಾ? ಮೊದಲು ಹಸಿರು ಕೆನ್ನೆಯದು ಹಿಡಿದೆ, ಕತ್ತರಿಸಿ ಬಿಟ್ಟೆ. ಆಮೇಲೆ ಕಂದು ಕೆನ್ನೆಯದು!"

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಗುರುಗಳು ದನಿ ತಗ್ಗಿಸಿದರು. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆ ಅಧ್ಯಾಯ ಒಂದು ಬಿಟ್ಟುಬಿಡು. ಇವತ್ತೇ ಸಹಿ ಹಾಕ್ತೀನಿ."

ಆಕೆ ಒಂದೇ ಒಂದು 'ಹ್ಞೂಂ' ಅಂದಿದ್ದರೆ ಅಷ್ಟು ಸಾಕಿತ್ತು.

"ತೊಟ್ಟಿ ಹತ್ತಿರ ಬನ್ನಿ ಸಾರ್," ಎಂದಳು ಆಕೆ. "ಮೇಡಂ, ನೀವೂ ಬನ್ನಿ."

ತೊಟ್ಟಿಯಲ್ಲಿದ್ದದ್ದು ಎರಡೇ ಮೀನು. ಕಲ್ಲಿನ ಮರೆಯ ಕಂದು ಕೆನ್ನೆಯದರ ಬಾಲ ಬೀಸಣಿಗೆಯಂತೆ ಇಡಿಯಾಗಿತ್ತು. ಹಸಿರು ಕೆನ್ನೆಯದರ ಬಾಲದಲ್ಲಿ ಕತ್ತರಿಯ ಗುರುತು ಮೇಲೊಂದು, ಕೆಳಗೊಂದು.

ಆಕೆ ಕೈಬಲೆಯನ್ನು ನೀರಿಗಿಳಿಸಿದಳು. ಬೆಚ್ಚಿದ ಮೀನಿನ ಕೆನ್ನೆಯ ಹಸಿರು ನೋಡನೋಡುತ್ತಿದ್ದಂತೆ ಇಳಿದುಹೋಗಿ ಕಂದು ಮೂಡಿತು.

"ಅಯ್ಯೋ, ಊಸರವಳ್ಳಿ ವಂಶ!" ಪರೀಕ್ಷಕಿ ನಕ್ಕೇಬಿಟ್ಟರು.

"ಹೆದರಿದರೆ ಬಣ್ಣ ಬಿಡುತ್ತೆ ಮೇಡಂ. ಮೊದಲನೇ ಸಲ ಹೆದರಿದ್ದನ್ನೇ ಸಾರ್ ಎರಡನೇ ಸಲ ಹಿಡಿದಿದ್ದಾರೆ. ಬಲೆಯಲ್ಲಿ ಅದು ಒದ್ದಾಡೋವಾಗ ಹಳೇ ಗಾಯ ಯಾರಿಗೆ ಕಾಣುತ್ತೆ? ಕಂದು ಕೆನ್ನೆಯದನ್ನ ಇನ್ನೂ ಯಾರೂ ಮುಟ್ಟೇ ಇಲ್ಲ."

ಗುರುಗಳ ಮುಖ ಬಿಳಿಚಿತು. "ಒಂದು ತಪ್ಪಿಗೆ ನನ್ನ ಇಡೀ ಜೀವಮಾನದ ಕೆಲಸ ಸುಳ್ಳಾಯ್ತಾ?"

"ಅದು ನಿಮ್ಮ ನನ್ನ ಬಾಯಲ್ಲಿ ತೀರ್ಮಾನ ಆಗೋದಲ್ಲ ಸಾರ್."

"ಹಾಗಿದ್ದರೆ ಸಭೆ ಮುಂದಕ್ಕೆ ಹಾಕೋಣ," ಎಂದರು ಗುರುಗಳು. "ಸಹಿ ಇಲ್ಲದೆ ನೀನು ಏನು ಮಾತಾಡ್ತೀಯ?"

"ನಾಲಿಗೆ ನಂದು ಸಾರ್, ಅದಕ್ಕೆ ಸಹಿ ಬೇಡ." ಆಕೆ ಬಲೆಯನ್ನೂ ಕತ್ತರಿಯನ್ನೂ ಅವರ ಕೈಗಿತ್ತಳು. "ಇನ್ನೊಂದು ಸಲ ನೀವೇ ಕತ್ತರಿಸಿ. ಮೇಡಂ ನೋಡ್ತಿರಲಿ. ಆ ಚೂರು ನನ್ನ ವಿರುದ್ಧ ಹೇಳಿದರೆ ಅದನ್ನೂ ನಾನೇ ಊರಿಗೆಲ್ಲ ಸಾರ್ತೀನಿ. ಆದರೆ ನನ್ನ ಮಾದರಿಗಳು ಹೇಳಿದ್ದನ್ನ ಇವತ್ತು ನುಂಗೋದಿಲ್ಲ."

ಉತ್ತರಕ್ಕೆ ಆಕೆ ಕಾಯಲಿಲ್ಲ. ಸಭಾಂಗಣಕ್ಕೆ ನಡೆದಳು, ಪರದೆ ಕಾಣಲೆಂದು ದೀಪ ಆರಿಸಿದಳು, ಯಾವುದನ್ನು ಹರಿದು ಎಸೆಯಬೇಕಿತ್ತೋ ಅದೇ ಅಧ್ಯಾಯದಿಂದ ಮಾತು ಶುರುಮಾಡಿದಳು.