ನೆಲಕ್ಕೆ ಇಳಿದ ಅಳತೆ

ನಾನು ಒಂದು ಅಳತೆಯ ಚೆಂಡು. ಉದ್ದ ಕೋಲಿನ ತುದಿಗೊಂದು ಬಿಳಿ ಗೋಳ, ಒಳಗೆ ಮೂರು ತಾಮ್ರದ ಸುರುಳಿ. ಕಣ್ಣಿಗೆ ಕಾಣದ ಕಾಂತಶಕ್ತಿಯನ್ನು ಹಿಡಿದು ಅಂಕಿಯಲ್ಲಿ ಹೇಳುವುದೇ ನನ್ನ ಕಸುಬು. ಹುಟ್ಟಿದ ಕಾರ್ಖಾನೆಯಲ್ಲಿ ನೂರು ಸಲ ಪರೀಕ್ಷಿಸಿದರು, ಒಮ್ಮೆಯೂ ಸುಳ್ಳಾಡಲಿಲ್ಲ. ಜಂಬ ಅನ್ನುವುದಾದರೆ ಅನ್ನಿ, ನನಗೇನೂ ಬೇಸರವಿಲ್ಲ.

ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಮೊದಲು ಒಬ್ಬ ಹಿರಿಯ ಮೇಷ್ಟ್ರ ಕೈಯಲ್ಲಿದ್ದೆ. ಅವರು ವೈರಿಲ್ಲದೆ ಫೋನ್ ಚಾರ್ಜ್ ಮಾಡುವ ಬಿಲ್ಲೆಗಳನ್ನಷ್ಟೇ ಅಳೆಯುತ್ತಿದ್ದರು, ನನಗದು ಮಕ್ಕಳಾಟ. ಅವರು ನಿವೃತ್ತರಾದ ಮೇಲೆ ಇಂಜಿನಿಯರ್ ಶಾಂಭವಿ ನನ್ನನ್ನು ಒಂದು ಬಸ್ ಡಿಪೋಗೆ ಕರೆದೊಯ್ದರು. ಅಲ್ಲಿ ವೈರೇ ಇಲ್ಲದೆ ಬಸ್ಸು ಚಾರ್ಜಾಗುತ್ತಿತ್ತು. ನೆಲದಲ್ಲಿ ಹುಗಿದ ಫಲಕದಿಂದ ಬಸ್ಸಿನ ಹೊಟ್ಟೆಗೆ ಕಾಂತಶಕ್ತಿ ಹಾರುತ್ತಿತ್ತು. ಅಕ್ಕಪಕ್ಕದವರ ಮೈಗೆ ಅದು ಮಿತಿ ಮೀರಿ ತಾಗಬಾರದು; ತಾಗುವುದಿಲ್ಲವೆಂದು ಅಳೆದು ಸಹಿ ಹಾಕುವುದು ಶಾಂಭವಿಯ ಕೆಲಸ. ಸೋಮವಾರವೇ ಉದ್ಘಾಟನೆ.

ಪರೀಕ್ಷೆಯ ಫಾರ್ಮಿನಲ್ಲಿ ಎರಡು ಸಾಲು: ನಿಂತವರು, ಕುಳಿತವರು. ನಿಂತವರ ಎತ್ತರದಲ್ಲಿ ಅಳೆದರು, ಪಾಸಾಯಿತು. ಕುರ್ಚಿ ತರಿಸಿ ಕುಳಿತವರದ್ದೂ ಅಳೆದರು, ಅದೂ ಪಾಸು. ಡಿಪೋ ಮ್ಯಾನೇಜರು ಸಹಿಗೆ ಪೆನ್ನು ಚಾಚಿದರು.

ಪೊರಕೆ ಹಿಡಿದು ನೋಡುತ್ತಿದ್ದ ಕಸಗುಡಿಸುವ ದುರ್ಗವ್ವ ಆಗ ಬಾಯಿಬಿಟ್ಟಳು.

"ಕುಂದ್ರೋದು ಅಂದ್ರ ಕುರ್ಚಿ ಮ್ಯಾಲೇನ್ರೀ ಅಕ್ಕಾರ? ನಾವು ಬಸ್ಸಿನ ಮಗ್ಗಲಕ್ಕ ನೆಲದಾಗ ಕುಂತು ಉಣ್ಣತೀವ್ರಿ. ಇಲ್ಲಿ ನೆಳ್ಳು ಇರತೈತಿ."

ಶಾಂಭವಿಯ ಮುಖ ಸಪ್ಪಗಾಯಿತು. ಕಣ್ಣುಮುಚ್ಚಿ ಕುರ್ಚಿಯನ್ನೇ ನಂಬಿದ್ದೆವಲ್ಲ ಎಂದು ನನಗೂ ನಾಚಿಕೆಯಾಯಿತು. ದುರ್ಗವ್ವ ತೋರಿಸಿದ ಜಾಗದಲ್ಲಿ, ನೆಲದಲ್ಲಿ ಕೂತವಳ ಎದೆಯ ಮಟ್ಟಕ್ಕೆ ನನ್ನನ್ನು ಇಳಿಸಿದರು. ಅಂಕಿ ಮಿತಿ ದಾಟಿತು. ಕಸಗುಡಿಸುವ ಹೆಂಗಸರನ್ನು ಬೇರೆ ಕಡೆ ಕೂರಿಸಿದರಾಯಿತು, ಸೋಮವಾರ ತಪ್ಪಬಾರದು ಎಂದು ಮ್ಯಾನೇಜರು ಗೋಗರೆದರು.

"ನೆಳ್ಳು ಇದ್ದಲ್ಲೇ ಮಂದಿ ಕುಂದರತಾರ್ರೀ ಸರ," ಎಂದರು ಶಾಂಭವಿ. "ನಾ ಸಹಿ ಹಾಕಂಗಿಲ್ಲ."

ಉದ್ಘಾಟನೆ ಮುಂದಕ್ಕೆ ಹೋಯಿತು. ಬೈಗುಳವೆಲ್ಲ ಶಾಂಭವಿಯ ಪಾಲಿಗೆ ಬಂತು. ತಿಂಗಳ ಮೇಲೆ, ಶಕ್ತಿ ಪಕ್ಕಕ್ಕೆ ಸೋರದಂತೆ ಬಸ್ಸಿನ ತಳಕ್ಕೆ ಅಲ್ಯೂಮಿನಿಯಂ ತಗಡು ಕೂತಿತು, ನೆಲದ ಫಲಕ ಅಂಚಿನಿಂದ ಬಸ್ಸಿನ ನಡುವಿಗೆ ಸರಿಯಿತು. ನಾನು ಮತ್ತೆ ನೆಲಕ್ಕಿಳಿದೆ. ಮಂಡಿ, ಹೊಟ್ಟೆ, ಎದೆ, ತಲೆ, ಎಲ್ಲಿ ಹಿಡಿದರೂ ಅಂಕಿ ಮಿತಿಯ ಅರ್ಧಕ್ಕಿಂತ ಕೆಳಗೆ! ಶಾಂಭವಿ ಸಹಿ ಹಾಕಿದರು.

ದುರ್ಗವ್ವ ಮಾತ್ರ ಹತ್ತಿರ ಸುಳಿಯಲಿಲ್ಲ. ಹೆದರಿದವಳಿಗೆ ಕಾಗದ ಏನು ಹೇಳೀತು? ಶಾಂಭವಿ ನನ್ನನ್ನು ಗೋಡೆಗೆ ಒರಗಿಸಿ, ಚಾರ್ಜಾಗುತ್ತಿದ್ದ ಬಸ್ಸಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತು, ರೊಟ್ಟಿ ಕೊಡು ಎಂದು ಕೈಚಾಚಿದರು. ದುರ್ಗವ್ವ ಬಂದು ಪಕ್ಕದಲ್ಲಿ ಬಸ್ಸಿಗೆ ಒರಗಿ ಕೂತು ಬುತ್ತಿ ಬಿಚ್ಚಿದಳು.

ಈಗ ನನಗೆ ವಯಸ್ಸಾಗಿದೆ, ಕಪಾಟಿನ ಮೇಲಿದ್ದೇನೆ. ಕೆಳಗೆ ಓಡಾಡುವ ಹೊಸ ಚೆಂಡುಗಳು ನನಗಿಂತ ಚುರುಕು, ಇರಲಿ. ನನ್ನ ಮಾತು ನಂಬಿ ಒಬ್ಬ ಹೆಣ್ಣುಮಗಳು ಆ ಬಸ್ಸಿಗೆ ಬೆನ್ನು ಕೊಟ್ಟು ಹೊಟ್ಟೆತುಂಬ ಉಂಡಿದ್ದಾಳೆ.