ನೀಲಿ ಬಳಿದ ಜಾಗ

ನೀಲಿ ತಾಡಪಾಲು, ಮುಂದಿನ ಲಾರಿಯ ಬೆನ್ನಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಅದೇ ನೀಲಿ, ಹಾಳಾದ್ದು, ಕೊಪ್ಪ ಬಿಟ್ಟಾಗಿನಿಂದ ಕಣ್ಣೆದುರು ಇದೊಂದೇ — ಸೈಡೇ ಕೊಡ್ತಿಲ್ಲ ನೋಡಿ ಮೇಡಂ, ಎಂತ ಮಾಡೋದು, ಜೀಪಿನ ಸುಂದರೇಶ್ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಈಗ ಬರೀ ಗೊಣಗುತ್ತಿದ್ದಾನೆ, ನನಗೆ ಇಳಿದು ಓಡಿಬಿಡಬೇಕು ಅನ್ನಿಸುತ್ತಿದೆ, ನರಸಿಂಹರಾಜಪುರಕ್ಕೆ ಓಡಿ ತಲುಪುತ್ತಾರಾ ಯಾರಾದರೂ, ಹುಚ್ಚಿ, ಸುಮ್ಮನೆ ಕೂತುಕೋ. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಯಶವಂತ ಬೂತಿನಿಂದ ಮಾಡಿದ್ದು ಅದೊಂದೇ ಫೋನು, ನನ್ನ ಸ್ಟುಡಿಯೋದ ಹುಡುಗ, ಆರ್ಕಿಟೆಕ್ಚರ್ ನಾಲ್ಕನೇ ವರ್ಷ, ಸಲಕರಣೆ ತರಲೆಂದು ಬೆಳಿಗ್ಗೆ ಅಲ್ಲಿಗೆ ಹೋದವನು, ಮೇಡಂ ಬೇಗ ಬನ್ನಿ, ವೀರಮ್ಮ ಮನೆ ಬಿಚ್ಚಿಸ್ತಿದ್ದಾರೆ, ಹಂಚು ಇಳಿಸ್ತಿದ್ದಾರೆ, ನಾನು ಹೇಳಿದ್ರೆ ಕೇಳ್ತಾನೇ ಇಲ್ಲ, ಅಲ್ಲಿ ನೀರು ಬರುತ್ತೆ ಅಂತ ನೀವೇ ಹೇಳಿದ್ರಂತೆ. ನಾನೇ ಹೇಳಿದೆನಂತೆ! ಆ ಮಾಡಿನ ಮರವನ್ನು ನಾವೇ ಬಡಿದು ನೋಡಿದ್ದೇವಲ್ಲ, ಒರಲೆ ತಿಂದು ಟೊಳ್ಳು, ಹಂಚಿನ ಭಾರ ಇರುವುದರಿಂದಲೇ ಕೂತಲ್ಲಿ ಕೂತಿದೆ, ಒಮ್ಮೆ ಕಳಚಿದರೆ ಮತ್ತೆ ಏರಿಸಲು ಬರುವುದಿಲ್ಲ, ಒಳಗೆ ಸೊಸೆ ಹಸಿ ಬಾಣಂತಿ, ಕೂಸನ್ನು ಎಲ್ಲಿ ಮಲಗಿಸುತ್ತಾರೆ. ಬೇಗ ಸುಂದರೇಶ್, ಸ್ವಲ್ಪ ಬೇಗ.

ಒಂದು ಮಾತು, ಒಂದೇ ಒಂದು ಮಾತು. ಮೇಡಂ, ಪ್ಲಾನ್ ಅನ್ನೋದಕ್ಕೆ ಕನ್ನಡದಲ್ಲಿ ಎಂತ ಬರೀಲಿ, ಯಶವಂತ ಪ್ರದರ್ಶನದ ದೊಡ್ಡ ಹಾಳೆಯ ಮುಂದೆ ಬ್ರಷ್ ಹಿಡಿದುಕೊಂಡು ಕೇಳಿದ್ದ, ನಾನು ಇನ್ಯಾರದೋ ಮಾಡೆಲಿಗೆ ಅಂಟು ಹಚ್ಚುತ್ತಾ ತಲೆ ಎತ್ತದೆ ಅಂದೆ, ಯೋಜನೆ. ಯೋಜನೆ ಅಂತ ಬರಿ. ಅವನು ಬರೆದ, ದಪ್ಪ ಅಕ್ಷರದಲ್ಲಿ, ಇಸವಿ 2050ರ ನರಸಿಂಹರಾಜಪುರ ಯೋಜನೆ, ಊರವರಿಗೆ ಅರ್ಥವಾಗಲಿ, ಎಲ್ಲ ಕನ್ನಡದಲ್ಲೇ ಇರಲಿ ಅಂತ ಹಟ ಹಿಡಿದವಳೂ ನಾನೇ. ನಕ್ಷೆ ಅನ್ನಬಹುದಿತ್ತು, ಕಲ್ಪನೆ ಅನ್ನಬಹುದಿತ್ತು, ಕನಸು ಅಂದಿದ್ದರೂ ನಡೆಯುತ್ತಿತ್ತು, ಶೃಂಗೇರಿಯಲ್ಲಿ ಹುಟ್ಟಿ ಬೆಳೆದವಳಿಗೆ ತಿಳಿಯಬೇಡವೇ, ಈ ಕಡೆ ಯೋಜನೆ ಅಂದರೆ ಒಂದೇ ಅರ್ಥ, ಸರ್ಕಾರದ್ದು, ಭದ್ರಾ ಯೋಜನೆ, ಮುಳುಗಡೆ, ಎದ್ದು ಹೋಗಿ ಅನ್ನುವುದು. ಪಾಠ ಮಾಡುವಾಗ ನನಗೆ ಎಷ್ಟು ಹುರುಪು, ಇರುವ ಊರನ್ನು ಮರೆತುಬಿಡಿ ಮಕ್ಕಳೇ, ಇಲ್ಲದ ಊರನ್ನು ಕಟ್ಟಿ, ಹಿನ್ನೀರು ಇನ್ನೂ ಏರಿದರೆ ಊರು ಏನು ಮಾಡುತ್ತದೆ ಯೋಚಿಸಿ, ಅವರು ಯೋಚಿಸಿದರು, ತೇಲುವ ಮನೆ, ತೇಲುವ ಸಂತೆ, ಮಕ್ಕಳ ಮನೆ ಬಾಗಿಲಿಗೇ ಬರುವ ತೇಲುವ ಶಾಲೆ, ಚೆಂದವೇ ಇತ್ತು, ಈಗಲೂ ಚೆಂದವೇ ಅನ್ನುತ್ತೇನೆ ನಾನು, ನೀರಿಗೆ ಮಾತ್ರ ನೀಲಿ ಬಳಿದರು. ಆ ನೀಲಿಯ ಕೆಳಗೆ ವೀರಮ್ಮನ ಅಂಗಳ. ಅಳತೆಗೆ ಟೇಪು ಹಿಡಿದು ಹೋದಾಗ ಬೆಲ್ಲ ನೀರು ಕೊಟ್ಟವಳು, ಗೋಡೆಗೆ ಸುಣ್ಣದ ಗುರುತು ಹಾಕಿದರೂ ಒಂದು ಮಾತು ಆಡದವಳು. ಈಗ ಗೊತ್ತಾಗುತ್ತಿದೆ ಯಾಕೆ ಆಡಲಿಲ್ಲ ಅಂತ, ಅಳತೆ, ಸುಣ್ಣ, ಟೇಪು, ಎಲ್ಲವನ್ನೂ ಒಂದು ಸಲ ನೋಡಿ ಮುಗಿಸಿದ್ದಾಳೆ ಅವಳು.

ನಿನ್ನೆ ಕೊಪ್ಪದ ಸಭಾಭವನದಲ್ಲಿ ಪ್ರದರ್ಶನ, ವೀರಮ್ಮ ಮಗ ರೇಣುಕಪ್ಪನ ಜೊತೆ ಬಂದಿದ್ದಳು, ಮದುವೆಮನೆಗೆ ಬಂದ ಹಾಗೆ ರೇಷ್ಮೆ ಅಂಚಿನ ಸೀರೆ ಉಟ್ಟು, ಹೂ ಮುಡಿದು. ರೇಣುಕಪ್ಪ ಅಕ್ಷರ ಕೂಡಿಸಿ ಓದಿದ, ಯೋ-ಜ-ನೆ. ನಾನು ಬೆಂಗಳೂರಿಂದ ಬಂದ ತೀರ್ಪುಗಾರರ ಹಿಂದೆ ಬಾಲದಂತೆ ಓಡಾಡುತ್ತಿದ್ದೆ, ಅವರು ಭೇಷ್ ಅಂದಿದ್ದರು, ಧೈರ್ಯದ ಕೆಲಸ ಅಂದಿದ್ದರು, ನನಗೆ ನೆಲ ಕಾಣುತ್ತಿರಲಿಲ್ಲ. ವೀರಮ್ಮ ನನ್ನ ಸೆರಗು ಹಿಡಿದು ಎಳೆದಳು, ಅಮ್ಮಾ, ಇದು ನಮ್ಮನೆ ಅಲ್ದಾ, ನೀಲಿಯ ಮೇಲೆ ಬೆರಳಿಟ್ಟು. ಹೌದಮ್ಮ ಹೌದು, ಅಲ್ಲೇ ನೀರು ಬರೋದು, ಎಷ್ಟು ಚೆನ್ನಾಗಿರುತ್ತೆ ಗೊತ್ತಾ ಅಂದೆ. ಯಾವಾಗ ಅಂದಳು. ನಾನು ನಕ್ಕೆ, ಛೀ, ನಕ್ಕೆ, ಇನ್ನೂ ಟೈಮ್ ಇದೆ ಬಿಡಿ ಅಂದೆ. ಅವಳು ತಲೆಯಾಡಿಸಿದಳು, ಮಗನನ್ನು ನೋಡಿದಳು, ಸಂಜೆಯ ಬಸ್ಸಿಗೂ ಕಾಯದೆ ಹೊರಟುಹೋದಳು, ಊಟ ಮಾಡಿ ಹೋಗಿ ಅನ್ನಬೇಕಿತ್ತು, ಅದನ್ನೂ ಅನ್ನಲಿಲ್ಲ.

ಲಾರಿ ಕೊನೆಗೂ ಪಕ್ಕಕ್ಕೆ ಸರಿಯಿತು, ಊರು ಬಂತು, ತಿರುವು, ಇಳಿಜಾರು, ಕೆಳಗೆ ಹಿನ್ನೀರು ಬಿಸಿಲಿಗೆ ಹೊಳೆಯುತ್ತಾ ಸುಮ್ಮನೆ ಬಿದ್ದುಕೊಂಡಿದೆ, ಜೀಪು ನಿಲ್ಲುವ ಮೊದಲೇ ನಾನು ಇಳಿದಿದ್ದೇನೆ, ಅಯ್ಯೋ ಬಿದ್ದೀರಿ ಮೇಡಂ, ಸುಂದರೇಶ್ ಕೂಗುತ್ತಿದ್ದಾನೆ. ಮಾಡು ಅರ್ಧ ಬೋಳಾಗಿದೆ. ಉಳಿದರ್ಧದ ಮೇಲೆ ರೇಣುಕಪ್ಪ ಕುಕ್ಕರಗಾಲಲ್ಲಿ ಕೂತು ಹಂಚು ಬಿಡಿಸುತ್ತಿದ್ದಾನೆ, ಏಣಿಯಿಂದ ಅಂಗಳದ ತನಕ ನೆರೆಯವರ ಸಾಲು, ಕೈಯಿಂದ ಕೈಗೆ ಹಂಚು, ಹಲಸಿನ ಮರದ ಬುಡದಲ್ಲಿ ಬಾಣಂತಿ, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು, ಮತ್ತೆ ಆ ಸಾಲಿನೊಳಗೆ ಮೈಯೆಲ್ಲ ಧೂಳಾಗಿ ಯಶವಂತ, ನನ್ನ ಯಶವಂತ, ಬೇಡ ಅನ್ನಲು ನಿಂತವನು ಅವನೂ ಹಂಚು ದಾಟಿಸುತ್ತಿದ್ದಾನೆ. ನಿಲ್ಲಿಸಿ! ಕೂಗುತ್ತಿದ್ದೇನೆ, ನನ್ನ ದನಿ ನನಗೇ ವಿಕಾರ, ವೀರಮ್ಮಾ ನಿಲ್ಲಿಸಿ, ಅದು ಸುಳ್ಳು, ಮಕ್ಕಳು ಬರೆದ ಚಿತ್ರ, ಯಾವ ನೀರೂ ಬರಲ್ಲ, ಯಾರೂ ನಿಮ್ಮನ್ನ ಎಬ್ಬಿಸಲ್ಲ, ನನ್ನಾಣೆ. ವೀರಮ್ಮ ಸಾಲಿನ ಕೊನೆಯಲ್ಲಿ ಹಂಚನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಳೆ, ಸಿಟ್ಟಿಲ್ಲ, ಅಳುವಿಲ್ಲ, ತಲೆ ಎತ್ತದೆ ಹೇಳುತ್ತಾಳೆ, ಹೋದ ಸಲ ಭದ್ರಾ ಡ್ಯಾಂ ಕಟ್ಟೋವಾಗ್ಲೂ ಹಿಂಗೇ ಹೇಳಿದ್ರು ಅಮ್ಮಾ, ಬರೀ ಅಳತೆ, ಹೆದರ್ಬೇಡಿ ಅಂತ, ಪಾಪ ಒಳ್ಳೆ ಜನಾನೇ ಅವರೂ, ನಮ್ಮಪ್ಪ ನಂಬಿ ಕೂತ, ನೀರು ಬಂದ ಮೇಲೆ ಒಂದು ಹಂಚು ಸಿಕ್ಕಿಲ್ಲ ನಮಗೆ, ಮೊದ್ಲೇ ಬಿಚ್ಚಿಕೊಂಡೋರು ಮನೆ ಕಟ್ಟಿಕೊಂಡ್ರು. ಅಲ್ಲ ವೀರಮ್ಮ, ಅದು ಬೇರೆ, ಇದು ಕಲ್ಪನೆ, ಕಲ್ಪನೆ ಅಂದರೆ — ಅಂದರೆ ಏನು, ಎಷ್ಟೋ ಬ್ಯಾಚಿಗೆ ಹೇಳಿಕೊಟ್ಟಿದ್ದೇನೆ, ಈಗ ಒಂದು ವಾಕ್ಯ ಬರುತ್ತಿಲ್ಲ ಬಾಯಿಗೆ, ನಾಚಿಕೆಯಾಗುತ್ತಿದೆ, ಭಯವಾಗುತ್ತಿದೆ. ಮೇಡಂ ಹಿಡೀರಿ, ಯಶವಂತ ಕೈ ಚಾಚಿದ್ದಾನೆ, ನಾನು ಯಾವಾಗ ಸಾಲಿನ ನಡುವೆ ಬಂದು ನಿಂತೆ, ಹಿಡೀರಿ ಮೇಡಂ, ಬಿಟ್ರೆ ಒಡೆಯುತ್ತೆ. ಹಿಡಿದೆ. ಬಿಸಿಲಿಗೆ ಕಾದ ಹಂಚು, ಅಂಚಿನಲ್ಲಿ ಒಣಗಿದ ಪಾಚಿ, ಅಂಗೈ ಸುಡುತ್ತಿದೆ, ಕೆಳಗಿಡಲು ಜಾಗವಿಲ್ಲ, ಹಿಂದಕ್ಕೆ ಕೊಡಲು ಅವನ ಕೈಯಲ್ಲಿ ಆಗಲೇ ಇನ್ನೊಂದು ಬಂದಿದೆ, ಕೊಡಿ ಅಮ್ಮಾ ಅನ್ನುತ್ತಿದ್ದಾಳೆ ವೀರಮ್ಮ, ನೋಡಿಕೊಂಡು ಕೊಡಿ. ಕೊಟ್ಟೆ. ಇನ್ನೊಂದು ಹಂಚು. ಹಂಚು. ಮತ್ತೆ ಹಂಚು.