ಚಪ್ಪಾಳೆ ಬೇಡದ ಹಾಡು

ಗೆಸೀನೆ ಮೂವತ್ತು ವರ್ಷದಿಂದ ಬೇರೆಯವರ ಹಾಡುಗಳನ್ನೇ ಹಾಡುತ್ತಿದ್ದಾಳೆ. ಟಿವಿ ಧಾರಾವಾಹಿಯೊಂದರಲ್ಲಿ ದನದ ಡಾಕ್ಟರ್ ಆದಮೇಲಂತೂ ಜನ ಬೀದಿಯಲ್ಲಿ ತಡೆದು ತಮ್ಮ ನಾಯಿಯ ಕಿವಿ ತೋರಿಸುತ್ತಾರೆ. ಅವಳು ಸ್ವತಃ ರಾಗ ಕಟ್ಟುತ್ತಾಳೆಂಬುದು ಅವಳಿಗೆ ಪಿಯಾನೋ ನುಡಿಸುವ ನನ್ನನ್ನು ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ತಾಯಿ ತೀರಿಕೊಂಡಾಗ ಕಟ್ಟಿದ ಹಾಡೊಂದಿದೆ. ಅದನ್ನು ಒಮ್ಮೆಯಾದರೂ ಜನ ಸುಮ್ಮನೆ ಕೂತು ಕೇಳಬೇಕು, ಅಷ್ಟೇ ಅವಳ ಆಸೆ.

ಕೊನೆಗೂ ಭಾನುವಾರ ಬೆಳಗಿನ ಟಿವಿ ಕಾರ್ಯಕ್ರಮವೊಂದು ಒಪ್ಪಿತು. ಹಾರ್ತ್ಸ್ ಬೆಟ್ಟದ ಬುಡದ ಊರಿನ ಉದ್ಯಾನ. ಬಯಲು ವೇದಿಕೆ, ಬೆಂಚುಗಳ ತುಂಬ ಜನ.

"ಹಾಡಿನ ಜೊತೆ ಚಪ್ಪಾಳೆ ತಟ್ಟಬೇಡಿ ಅಂತ ಜನಕ್ಕೆ ಮೊದಲೇ ಹೇಳಿಬಿಡಿ," ಎಂದಳು ಗೆಸೀನೆ, ಕಾರ್ಯಕ್ರಮದ ನಿರ್ದೇಶಕಿ ಲೋಕಾಂಪ್‌ಗೆ.

"ಹೇಗೆ ಹೇಳ್ಲಿ? ಅವರು ಬರೋದೇ ತಟ್ಟೋಕೆ."

"ಇದು ಸಾವಿನ ಹಾಡು ಕಣ್ರೀ!"

"ಇರಲಿ ಬಿಡಿ, ತಾಳ ಇದೆಯಲ್ಲ?"

ಗೆಸೀನೆ ಮುಖ ಕೆಂಪಗೆ ಮಾಡಿಕೊಂಡು ನನ್ನ ಬಳಿ ಬಂದಳು. "ನಾಲ್ಕು ಎಣಿಕೆ ಬೇಡ ಕಣೋ ನಾರ್ಬೆರ್ಟ್. ಐದಕ್ಕೆ ನುಡಿಸು. ಅದು ಹೇಗೆ ತಟ್ತಾರೋ ನೋಡೇಬಿಡ್ತೀನಿ."

ತಟ್ಟಿದರು. ನಮ್ಮ ಜನ ತಟ್ಟುವುದು ಒಂದಕ್ಕೆ, ಮೂರಕ್ಕೆ; ಐದು ಬಂದಾಗ ಅದನ್ನೂ ಬಿಡಲಿಲ್ಲ. ಐದರ ಹಿಂದೆಯೇ ಮತ್ತೆ ಒಂದು ಬರುವುದರಿಂದ ಪಟಪಟ ಎಂದು ಜೋಡಿ ಸದ್ದಾಯಿತು. ಅದು ಅವರಿಗೆ ಇನ್ನೂ ಹಿಡಿಸಿತು.

ಅವಳು ನಿಲ್ಲಿಸಿಬಿಟ್ಟಳು. "ದಯವಿಟ್ಟು ತಟ್ಟಬೇಡಿ. ನಮ್ಮಮ್ಮ ಹೋದಾಗ ಬರೆದದ್ದು ಇದು."

ಉದ್ಯಾನ ಗಪ್‌ಚುಪ್. ಎಲ್ಲರ ಕೈಯೂ ತೊಡೆಯ ಮೇಲೆ. ಮೊದಲಿಂದ ಹಾಡಿದಳು. ಒಂದು ಚರಣ ಪೂರ್ತಿ ಗಾಳಿಯ ಸದ್ದೂ ಕೇಳುವಷ್ಟು ಮೌನ. ಅವಳ ಭುಜ ಸಡಿಲವಾದದ್ದನ್ನು ನಾನು ಕಂಡೆ.

ಆಮೇಲೆ ಮುಂದಿನ ಸಾಲಿನ ಒಬ್ಬ ಮುದುಕಿಗೆ ಕಣ್ಣೀರು ಬಂತು. ಪಕ್ಕದವನು ಸಮಾಧಾನಕ್ಕೆಂದು ಅವಳ ತೋಳಿಗೆ ತೋಳು ಹೆಣೆದ. ಅವನಿಗೆ ಇನ್ನೊಬ್ಬಳು, ಅವಳಿಗೆ ಮತ್ತೊಬ್ಬ. ತೋಳು ಹೆಣೆದ ಮೇಲೆ ನಮ್ಮವರು ತೂಗದೆ ಇರುತ್ತಾರೆಯೇ? ಇಡೀ ಸಾಲು ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಹಿಂದಿನ ಸಾಲುಗಳೂ ಕೂಡಿಕೊಂಡವು. ಆದರೆ ಬಲಕ್ಕೆ ವಾಲಿದವರು ಮರಳುವ ಮುಂಚೆಯೇ ಐದು ಮುಗಿಯುತ್ತಿತ್ತು. ಪ್ರತಿ ಸುತ್ತಿಗೂ ಸಾಲಿನ ತುದಿಯ ಆ ಮುದುಕಿ ಬೆಂಚಿನ ಅಂಚಿಗೆ ಇನ್ನಷ್ಟು ಜಾರುತ್ತಿದ್ದಳು.

ಮೂರನೇ ಚರಣದಲ್ಲಿ ಹಾಡು ಆರು ಎಣಿಕೆಗೆ ತಿರುಗಿತು. ತಿರುಗಿಸಿದ್ದು ನಾನಲ್ಲ. ಸಾಲು ನೆಟ್ಟಗಾಯಿತು, ಸುಖವಾಗಿ ತೂಗಿತು, ಕ್ಯಾಮೆರಾ ಅಲ್ಲೇ ನಿಂತಿತು.

ವೇದಿಕೆಯ ಹಿಂದೆ ಲೋಕಾಂಪ್ ಕೈ ಕುಲುಕಿದಳು. "ಅದ್ಭುತ! ಬೇಸಿಗೆಯುದ್ದಕ್ಕೂ ಇದೇ ಹಾಡು!"

ಅವಳು ಹೋದಮೇಲೆ ಕೇಳಿದೆ, "ಒಂದು ಎಣಿಕೆ ಯಾಕೆ ಸೇರಿಸಿದೆ?"

"ಇನ್ನೇನು ಮಾಡ್ಬೇಕಿತ್ತೋ, ಮೂರ್ಖ?" ಎಂದು ಗದರಿದಳು ಗೆಸೀನೆ. "ಆ ಅಜ್ಜಿ ಬಿದ್ದುಹೋಗ್ತಿದ್ರಲ್ಲೋ!"